ಮೆಟ್ಟುಗತ್ತಿ ಹಿಡಿದ ವೀರವನಿತೆ

ಬೆಳಿಗ್ಗೆ ಮೆಟ್ಟುಗತ್ತಿಯ, ಅಂದರೆ ಈಳಿಗೆಯ, ಮಣೆ ಮೇಲೆ ಕೂತು ಬಸಳೆ ಹೆಚ್ಚುತ್ತಿದ್ದೆ. ಅಂಬೆಗಾಲಿನ ಮಗಳು ಕಪಾಟಿನ ಅಡಿಯಿಂದ ಏನನ್ನೋ ಎಳೆದು ಜಗಲಿಯತ್ತ ಉರುಳಿಸಿದಳು. ಎದ್ದು ಹಿಂದೆ ಓಡಿದೆ. ನೋಡಿದರೆ ಇಪ್ಪತ್ತು ಮುಖದ ದಾಳ! ನೀವು ನಗಬಹುದು, ನನಗೆ ಮಾತ್ರ ಸತ್ತ ನೆಂಟ ಬಾಗಿಲಿಗೆ ಬಂದಂತಾಯಿತು.

ಐದಾರು ವರ್ಷದ ಹಿಂದೆ, ಕೋಣಂದೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಗೆಳೆಯ ಗಿರೀಶ ಭಾನುವಾರ ಭಾನುವಾರ ತೀರ್ಥಹಳ್ಳಿಯ ನಮ್ಮ ಮನೆಗೆ ಬಂದು ಈ ದಾಳದ ಆಟ ಆಡಿಸುತ್ತಿದ್ದ. ಅವನು ರಾಕ್ಷಸರ ಕಥೆ ಹೇಳಬೇಕು, ನಾವು ಒಬ್ಬೊಬ್ಬ ವೀರರಾಗಿ ಹೀಗೆ ಮಾಡಿದೆ, ಹಾಗೆ ಮಾಡಿದೆ ಎನ್ನಬೇಕು. ಗೆದ್ದೆವೋ ಸತ್ತೆವೋ ದಾಳ ಹೇಳುತ್ತದೆ. ಜಿಗಣೆಗೂ ಹೆದರುವ ನಾನು ಎರಡು ಮಳೆಗಾಲ ಒಬ್ಬ ಕತ್ತಿವೀರನನ್ನು ಮಗನಂತೆ ಸಾಕಿದ್ದೆ.

ಒಮ್ಮೆ ಆಟಕ್ಕೆ ಜನ ಸಾಲದೆ, ಆಗ ನಮ್ಮ ಮನೆಯಲ್ಲೇ ಇದ್ದ ಚಿಕ್ಕಮ್ಮನನ್ನು ಕೂರಿಸಿದೆವು. ಆಯುಧ ಆರಿಸು ಎಂದರೆ, "ನಂಗೆ ಮೆಟ್ಟುಗತ್ತಿ ಸಾಕು ಮಾರಾಯ" ಎಂದಳು.

ಗಿರೀಶ ತಲೆ ಕೆರೆದುಕೊಂಡ. ಅವನ ಪ್ರಕಾರ ಆಯುಧವೆಂದರೆ ಒಂಟಿ ಕೈಯದು, ಜೋಡಿ ಕೈಯದು, ದೂರಕ್ಕೆ ಎಸೆಯುವುದು. "ಇದಕ್ಕೆ ಎಷ್ಟು ಕೈ ಬೇಕು ಚಿಕ್ಕಮ್ಮ?"

"ಕೈ ಎಂತಕ್ಕೆ? ಕಾಲಲ್ಲಿ ಮೆಟ್ಟಿ ಕೂತ್ರಾಯ್ತು. ಕೈಯಲ್ಲಿ ರಾಕ್ಷಸನ್ನ ಹಿಡ್ಕಳದು ಬ್ಯಾಡ್ವಾ?"

"ಬೀಸೋದು ಹೆಂಗೆ ಮತ್ತೆ?"

"ಬದನೆಕಾಯಿ ಹೆಚ್ಚೋವಾಗ ಕತ್ತಿ ಬೀಸ್ತಾರೇನೋ? ಬದನೆಕಾಯೇ ಬರತ್ತೆ."

ಆಯುಧಗಳ ಸಮತೂಕ ಗಿರೀಶನಿಗೆ ವ್ರತವಿದ್ದಂತೆ. ಒಂದರಲ್ಲಿ ಸೋತದ್ದು ಇನ್ನೊಂದರಲ್ಲಿ ಗೆಲ್ಲಬೇಕು, ಇಲ್ಲವಾದರೆ ಎಲ್ಲರೂ ಒಂದನ್ನೇ ಹಿಡಿಯುತ್ತಾರೆ. ಮೆಟ್ಟುಗತ್ತಿ ದೂರಕ್ಕೆ ತಲುಪದು, ಕೂತಲ್ಲಿಂದ ಕದಲದು. ಹಾಗಾಗಿ ಏಟಿನ ಬಲವನ್ನೆಲ್ಲ ಅದಕ್ಕೇ ಸುರಿದು, "ಎದ್ರೆ ಮಾತ್ರ ಮುಗೀತು" ಎಂದು ಷರತ್ತು ಹಾಕಿದ.

ಚಿಕ್ಕಮ್ಮ ಗುಹೆಯ ಬಾಗಿಲಲ್ಲಿ ಕೂತಳು. ಒಳಗೆ ನನ್ನ ವೀರ ಗಾಯಗೊಂಡು ಮಲಗಿದ್ದ. ಇನ್ನೊಂದು ಏಟು ಬಿದ್ದರೆ ಅವನ ಕಥೆ ಮುಗಿಯಿತು. ಬಂದ ರಾಕ್ಷಸರೆಲ್ಲ ಹೋಳಾದರು, ಒಬ್ಬ ಉಳಿದ. ಆಗ ಗಿರೀಶ, ಕಥೆಗೆ ರಂಗು ಬರಲೆಂದು, "ಗುಹೆ ಒಳಗೊಂದು ಮಗು ಅಳ್ತಾ ಇದೆ" ಎಂದುಬಿಟ್ಟ.

"ಎದ್ದೆ" ಎಂದಳು ಚಿಕ್ಕಮ್ಮ.

"ಏಳ್ಬೇಡ ಚಿಕ್ಕಮ್ಮ! ಕತ್ತಿನಾದ್ರೂ ನಿಲ್ಸಿಟ್ಟು ಹೋಗು!" ಎಂದು ನಾನು ಕೂಗಿದೆ.

"ಮಗು ಇರೋ ಕಡೆ ಕತ್ತಿ ನಿಲ್ಸಿಟ್ಟು ಏಳ್ತಾರೇನಾ? ಮಗ್ಗುಲಾಗಿ ಮಲಗ್ಸಿ ಎದ್ದೆ."

ಮಗುವನ್ನೆತ್ತಿಕೊಂಡು ಹಿಂಬಾಗಿಲಿಂದ ಹೊರಟೇಬಿಟ್ಟಳು. ಗುಹೆಗೆ ಹಿಂಬಾಗಿಲು ಇರಲಿಲ್ಲ. ಗಿರೀಶ ಗಾಬರಿಯಲ್ಲಿ ಒಂದನ್ನು ಇಡಿಸಿದ. ಇತ್ತ ರಾಕ್ಷಸ ಮಲಗಿದ ಕತ್ತಿಯನ್ನು ದಾಟಿ ಬಂದು ನನ್ನ ವೀರನನ್ನು ಮುಗಿಸಿದ. ಆ ವಾರವೆಲ್ಲ ಚಿಕ್ಕಮ್ಮನೊಡನೆ ಮಾತು ಬಿಟ್ಟೆ. ಕೊಟ್ಟ ಕಡುಬು ಮಾತ್ರ ಬಿಡಲಿಲ್ಲ.

ದಾಳ ಹಿಡಿದು ಇಷ್ಟೆಲ್ಲ ನೆನೆಯುತ್ತ ನಿಂತವನಿಗೆ ಅಡುಗೆಮನೆಯಿಂದ ಮಗಳು ಮಣೆ ಬಡಿಯುವ ಸದ್ದು ಕೇಳಿತು. ಓಡಿದೆ. ಕತ್ತಿ ಗೋಡೆಯತ್ತ ಮುಖ ಮಾಡಿ ಮಗ್ಗುಲಾಗಿ ಮಲಗಿತ್ತು. ಯಾವಾಗ ಮಲಗಿಸಿದೆನೋ ನನಗೇ ನೆನಪಿಲ್ಲ. ಮಗಳನ್ನು ಸೊಂಟಕ್ಕೇರಿಸಿ ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಅವತ್ತು ನನ್ನ ವೀರ ಸತ್ತಿದ್ದು ಒಳ್ಳೇದೇ ಆಯ್ತು ಚಿಕ್ಕಮ್ಮ."

"ಸತ್ತವನ ಸುದ್ದಿ ಬಿಡಾ," ಎಂದಳು. "ಆ ಗುಹೆ ಮಗು ಈಗ ಶಾಲೆಗೆ ಹೋಗ್ತಿರ್ಬೌದಲ್ಲ?"