ಕೆಳ ರೆಕ್ಕೆ ಎದ್ದ ವರ್ಷ

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲದಲ್ಲಿ ನಾನು ಪಾಲಿಬೆಟ್ಟದ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ ಹಾಕುವುದು, ಕಾಫಿ ತೂಗಿಸುವುದು ನನ್ನ ಕೆಲಸ. ಮನಸ್ಸೆಲ್ಲ ಇದ್ದದ್ದು ಮಾತ್ರ ಮೈ ಬೆಳೆಸುವುದರಲ್ಲಿ. ಬೆಳಿಗ್ಗೆ ಕಸರತ್ತು ಮಾಡದಿದ್ದರೆ ನನಗೆ ತಿಂದದ್ದು ರುಚಿಸುತ್ತಿರಲಿಲ್ಲ.

ಪಕ್ಕದ ತೋಟದಲ್ಲಿ ಮಿಲಿಟರಿಯಿಂದ ನಿವೃತ್ತರಾದ ಒಬ್ಬ ಕೊಡವ ಹವಾಲ್ದಾರರಿದ್ದರು. ನನಗೆ ಕಸರತ್ತಿನ ಗುರು ಅವರೇ. ಹೂಮಳೆ ಬಿದ್ದು ಕಾಫಿ ಅರಳಿ ತೋಟವೆಲ್ಲ ಬೆಳ್ಳಗಾಗಿದ್ದ ಒಂದು ಬೆಳಿಗ್ಗೆ ಅವರು ಸುದ್ದಿ ತಂದರು.

"ರೈಟರೇ, ಮಳೆಗಾಲ ಮುಗಿದ ಮೇಲೆ ಮಡಿಕೇರಿಯಲ್ಲಿ ದೇಹದಾರ್ಢ್ಯದ ಸ್ಪರ್ಧೆ ಉಂಟು. ನೀವು ನಿಲ್ಲಬೇಕು. ಅಂಗಿ ತೆಗೀರಿ, ನೋಡುವ."

ನಾನು ಎದೆಯುಬ್ಬಿಸಿ ನಿಂತೆ. ಅವರು ಮೆಚ್ಚಿ ತಲೆಯಾಡಿಸಿದರು. ಆಮೇಲೆ ತಿರುಗಲು ಹೇಳಿದರು. ತಿರುಗಿದೆ.

"ಎಂತ ರೈಟರೇ ಇದು! ಮೇಲೆ ಹಲಸಿನ ಮರ, ಕೆಳಗೆ ಊದುಬತ್ತಿ! ರೆಕ್ಕೆ ಕಂಕುಳಲ್ಲೇ ಮುಗಿದುಹೋಗಿದೆಯಲ್ಲ. ಅದು ಸೊಂಟದವರೆಗೂ ಇಳಿದು ಬರಬೇಕು."

ಈಗ ಜಿಮ್ಮಿಗೆ ಹೋಗುವವರು ಲ್ಯಾಟ್ಸ್ ಎನ್ನುವುದನ್ನೇ ನಾವು ರೆಕ್ಕೆ ಎನ್ನುತ್ತಿದ್ದೆವು. ಕಂಕುಳಿಂದ ಹೊರಟು ಬೆನ್ನಿನ ಎರಡು ಬದಿಯಲ್ಲೂ ಇಳಿಯುವ ಆ ಸ್ನಾಯುವಿನ ಕೆಳಭಾಗ ನನಗೆ ಇರಲೇ ಇಲ್ಲ. ಅದನ್ನು ಬೆಳೆಸುವುದು ಹೇಗೆಂದು ಕೇಳಿದೆ.

"ನನಗೂ ಗೊತ್ತಿಲ್ಲ. ಮಿಲಿಟರಿಯಲ್ಲಿ ನಮ್ಮ ಕೆಳ ರೆಕ್ಕೆ ಯಾರೂ ಕೇಳಲಿಲ್ಲ" ಎಂದು ಅವರು ನಕ್ಕು ಹೊರಟುಹೋದರು.

ಕಷ್ಟವೆಂದರೆ, ನಮ್ಮ ಬೆನ್ನು ನಮಗೇ ಕಾಣುವುದಿಲ್ಲ. ಗೋಡೆಯ ಕನ್ನಡಿಗೆ ಬೆನ್ನು ಕೊಟ್ಟು, ಕೈಯಲ್ಲೊಂದು ಕನ್ನಡಿ ಹಿಡಿದು ಒದ್ದಾಡುತ್ತಿದ್ದಾಗ ಬಾಗಿಲಲ್ಲಿ ನಗು ಕೇಳಿಸಿತು. ನಮಗೆ ಹೊಸದಾಗಿ ಮದುವೆಯಾಗಿತ್ತು. ನನ್ನ ಹೆಂಡತಿ, ಆಗ ಎಲ್ಲರೂ ಫ್ರೇಜರ್‌ಪೇಟೆ ಎನ್ನುತ್ತಿದ್ದ ಕುಶಾಲನಗರದ ಕಡೆಯವಳು. ಹಾಸನದಿಂದ ಬಂದು ಅಲ್ಲಿ ಗದ್ದೆ ಮಾಡಿಕೊಂಡಿದ್ದ ಮನೆತನ. ಅದುವರೆಗೆ ನನ್ನೆದುರು ಗಟ್ಟಿಯಾಗಿ ಮಾತಾಡಿದವಳೇ ಅಲ್ಲ.

"ಕೋಳಿ ತನ್ನ ಪುಕ್ಕ ನೋಡ್ಕೊಳೋ ಹಂಗೆ ಯಾಕ್ರೀ ಸುತ್ತುತಾ ಇದ್ದೀರಿ?"

ವಿಷಯ ಹೇಳಿದೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಸೊಂಟದ ಮೇಲ್ಗಡೆ, ಪಕ್ಕೆಯ ಹಿಂದೆ ಅಂಗೈ ಇಟ್ಟಳು. "ಇಲ್ಲೇ ತಾನೆ? ಹೂಂ, ಈಗ ಮಾಡಿ."

ಅಲ್ಲಿಂದ ಶುರುವಾಯಿತು ನಮ್ಮ ಹುಡುಕಾಟ. ಮೊದಲು ಜಗಲಿಯ ತೊಲೆಗೆ ಕೈ ಅಗಲಿಸಿ ಜೋತುಬಿದ್ದು ಮೈಯನ್ನು ಮೇಲೆಳೆದೆ. ನನಗೆ ಅತಿ ಚೆನ್ನಾಗಿ ಬರುತ್ತಿದ್ದ ಕಸರತ್ತು ಅದು.

"ಮೇಲ್ಗಡೆ ಹಾವು ಓಡಿದಂಗೆ ಓಡ್ತದೆ. ನನ್ನ ಕೈ ಕೆಳಗೆ ಏನೂ ಇಲ್ಲ."

ಕಾಫಿ ತೂಗುವ ಕಬ್ಬಿಣದ ಕಲ್ಲನ್ನು ಬಗ್ಗಿ ಎದೆಗೆ ಎಳೆದೆ. ಭುಜವೇ ಎಲ್ಲ ಭಾರ ತಿಂದಿತು. ಹೆಗಲ ಮೇಲೆ ಮೂಟೆ ಹೊತ್ತು ಬಗ್ಗಿ ಎದ್ದೆ. "ಬೆನ್ನುಮೂಳೆ ಪಕ್ಕ ಗಟ್ಟಿಯಾಯ್ತು, ನಾವು ಹುಡುಕ್ತಾ ಇರೋ ಜಾಗ ಇದಲ್ಲ" ಎಂದಳು. ಒಂದೊಂದನ್ನೂ ಮಾಡುವುದು, ಅವಳ ತೀರ್ಪಿಗೆ ಕಾಯುವುದು, ಬಿಡುವುದು. ಹಾಜರಿ ಹಾಕುತ್ತಿರುವಾಗಲೂ ನನಗೆ ಅದೇ ಯೋಚನೆ. ಸಂಜೆ ಮನೆಗೆ ಓಡಿಕೊಂಡೇ ಬರುತ್ತಿದ್ದೆ.

ಒಂದು ಭಾನುವಾರ ಎಡಗೈಯನ್ನು ಬೆಂಚಿಗೆ ಊರಿ ಬಗ್ಗಿ, ಬಲಗೈಯಲ್ಲಿ ತೂಕದ ಕಲ್ಲು ಎತ್ತುತ್ತಿದ್ದೆ. ಅವಳು ಬೇಸತ್ತು ಹೇಳಿದಳು: "ಯಾವಾಗ್ಲೂ ಎದೆಗೇ ಯಾಕೆ ಎಳೀತೀರಿ? ಒಂದ್ಸಲ ಸೊಂಟಕ್ಕೆ ಎಳೀರಿ."

ಮೊಣಕೈಯನ್ನು ಪಕ್ಕೆಗೆ ಉಜ್ಜುತ್ತ ಸೊಂಟದತ್ತ ತಂದೆ.

"ಎದ್ದಿತು! ಏನ್ರೀ, ಎದ್ದಿತು!"

ಅವಳು ಕಿರುಚಿದ ರಭಸಕ್ಕೆ ಪಕ್ಕದ ಮನೆಯ ಲಾರಿ ಡ್ರೈವರು ದೊಣ್ಣೆ ಹಿಡಿದು ಓಡಿಬಂದರು, ಹಾವು ಹೆಡೆ ಎತ್ತಿತೆಂದುಕೊಂಡು. ಅವರಿಗೆ ವಿವರಿಸುವಷ್ಟು ಉಸಿರು ನಮ್ಮಿಬ್ಬರಲ್ಲೂ ಇರಲಿಲ್ಲ, ಅಷ್ಟು ನಗುತ್ತಿದ್ದೆವು.

ಬೀಗದ ಕೈ ಸಿಕ್ಕಿತ್ತು. ಮೊಣಕೈ ಮೈಗೆ ಅಂಟಿಕೊಂಡು ಸೊಂಟಕ್ಕೆ ಬರಬೇಕು! ತೊಲೆಯ ಮೇಲೂ ಅದನ್ನೇ ಪ್ರಯತ್ನಿಸಿದೆ. ಅಂಗೈ ನನ್ನ ಕಡೆಗೆ ತಿರುಗಿಸಿ, ಕೈಗಳನ್ನು ಹತ್ತಿರ ಹಿಡಿದು, ಪೂರ್ತಿ ಜೋತುಬಿದ್ದು ಎಳೆದೆ. "ಬಂತು, ಬಂತು" ಎಂದಳು. ಬಾವಿಯ ಹಳೆಯ ರಾಟೆಯನ್ನು ತೊಲೆಗೆ ಕಟ್ಟಿ, ಹಗ್ಗದ ಒಂದು ತುದಿಗೆ ಕಲ್ಲು ತುಂಬಿದ ಗೋಣಿಚೀಲ ಬಿಗಿದೆ. ಇನ್ನೊಂದು ತುದಿಯನ್ನು ತಲೆಯ ಮೇಲೆ ಹಿಡಿದು, ಕೈ ಮಡಿಸದೆ ತೊಡೆಯವರೆಗೆ ಇಳಿಸಿದೆ. ಅವಳು ನನ್ನ ಬೆನ್ನಿಗೆ ಪಟ್ಟನೆ ಒಂದು ಏಟು ಕೊಟ್ಟಳು. ಅದೇ ಎಲ್ಲಕ್ಕಿಂತ ಮೇಲು ಎಂದು ತಿಳಿಯಿತು.

ಆ ಮೂರನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟೆವು. ಅಗಲ ಹಿಡಿತದ ಕಸರತ್ತು ಬಿಡಲು ನನಗೆ ಮನಸ್ಸೇ ಬರಲಿಲ್ಲ. "ಬರೋದನ್ನೇ ಮಾಡ್ತಾ ಕೂತ್ರೆ ಬರದೇ ಇರೋದನ್ನ ಕಲಿಯೋದು ಯಾವಾಗ?" ಎಂದು ಅವಳು ಬಾಯಿ ಮುಚ್ಚಿಸಿದಳು.

ಮಳೆಗಾಲವಿಡೀ ಜಗಲಿಯಲ್ಲಿ ರಾಟೆ ಕಿರುಗುಟ್ಟಿತು. ಶ್ರಾವಣದ ಹೊತ್ತಿಗೆ ನನ್ನ ಅಂಗಿಗಳ ಪಕ್ಕದ ಹೊಲಿಗೆ ಬಿಡತೊಡಗಿತು. ಹವಾಲ್ದಾರರು ಬಂದು ನೋಡಿ, ನನ್ನ ಬೆನ್ನಿಗೇ ಒಂದು ಸೆಲ್ಯೂಟ್ ಹೊಡೆದರು.

ಮಡಿಕೇರಿಯಲ್ಲಿ ಸ್ಪರ್ಧೆಯ ದಿನ ಎಣ್ಣೆ ಸವರಿಕೊಂಡು ಸಾಲಿನಲ್ಲಿ ನಿಂತೆ. "ಹಿಂದೆ ತಿರುಗಿ" ಎಂದರು. ತಿರುಗಿ, ಮೊಣಕೈ ಬಿಗಿಹಿಡಿದು ರೆಕ್ಕೆ ಬಿಚ್ಚಿದೆ. ಜನರಲ್ಲಿ "ಓ" ಎಂಬ ಶಬ್ದ ಎದ್ದಿತು. ಅದು ನನಗಾಗಿಯೋ ಪಕ್ಕದವನಿಗಾಗಿಯೋ ತಿಳಿಯದೆ ಹಾಗೇ ನಿಂತಿದ್ದೆ. ಅಷ್ಟರಲ್ಲಿ ಹವಾಲ್ದಾರರ ದನಿ ಕೇಳಿಸಿತು: "ಅದು ನಮ್ಮ ರೈಟರು!"

ನನಗೆ ಎರಡನೆಯ ಬಹುಮಾನ ಬಂತು. ತೀರ್ಪುಗಾರರಲ್ಲೊಬ್ಬರು ಹತ್ತಿರ ಬಂದು, "ಇಂಥ ಬೆನ್ನು ಇಲ್ಲಿ ನೋಡಿಲ್ಲ. ಏನು ಮಾಡಿದಿರಿ?" ಎಂದು ಕೇಳಿದರು. ನಾನು ಹೆಂಗಸರ ಸಾಲಿನಲ್ಲಿ ಕೂತಿದ್ದ ಹೆಂಡತಿಯತ್ತ ಕೈ ತೋರಿಸಿ, "ಅವರನ್ನೇ ಕೇಳಿ" ಎಂದೆ. ಅವಳು ನಾಚುತ್ತಾಳೆಂದುಕೊಂಡಿದ್ದೆ. ಸೆರಗು ಬಿಗಿದುಕೊಂಡು ಎದ್ದುಬಂದವಳೇ, ಗೆದ್ದವರು ಸೋತವರೆಲ್ಲ ಸುತ್ತ ನಿಂತಿರುವಾಗ, ಮೊಣಕೈ ಎಲ್ಲಿಂದ ಎಲ್ಲಿಗೆ ಬರಬೇಕೆಂದು ತನ್ನ ಕೈಯಿಂದಲೇ ಮಾಡಿ ತೋರಿಸಿದಳು. ಅಂದು ನನಗಾದಷ್ಟು ಹೆಮ್ಮೆ ಮೊದಲ ಬಹುಮಾನ ಬಂದಿದ್ದರೂ ಆಗುತ್ತಿರಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಅವಳು ನನ್ನ ಕಿವಿಯ ಹತ್ತಿರ ಬಾಗಿದಳು.

"ಗೆದ್ದೋರ ತೊಡೆ ನೋಡಿದ್ರಾ? ನಾಳೆಯಿಂದ ಕಾಲು ಶುರು ಮಾಡಿ."

ಮರುದಿನ ಬೆಳಿಗ್ಗೆ ನಾನು ಅಂಗಳದಲ್ಲಿ ಬಸ್ಕಿ ಹೊಡೆಯುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು ಬೆಲ್ಲದ ಕಾಫಿ ಕುಡಿಯುತ್ತ, "ಇನ್ನೂ ಕೆಳಗೆ, ಇನ್ನೂ ಕೆಳಗೆ" ಎನ್ನುತ್ತಿದ್ದಳು.