ಡಂಗುರವಿಲ್ಲದ ಬಹಿಷ್ಕಾರ

ಪಕ್ಕದಲ್ಲೇ ಸೀಟು ಖಾಲಿ ಇದ್ದರೂ ಒಬ್ಬರು ಬಸ್ಸಿನಲ್ಲಿ ನಿಂತೇ ಇದ್ದರೆ ನೀವೇನು ಅಂದುಕೊಳ್ಳುತ್ತೀರಿ? ಸೊಂಟ ನೋವು ಅಂತಲೇ? ಮುಂದಿನ ಸ್ಟಾಪಿನಲ್ಲೇ ಇಳಿಯುತ್ತಾರೆ ಅಂತಲೇ? ನಾನೂ ಹಾಗೇ ಅಂದುಕೊಂಡೆ. ಕಳೆದ ಗುರುವಾರ ಸಂಜೆ, ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸು. ನಿಂತಿದ್ದವರು ರತ್ನಕ್ಕ. ಖಾಲಿ ಇದ್ದದ್ದು ನನ್ನ ಪಕ್ಕದ ಸೀಟು.

ರತ್ನಕ್ಕ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಎದುರು ಮನೆಯವರು. (ಹೆಸರು ಬದಲಿಸಿದ್ದೇನೆ.) ಹರಿಹರದ ಒಂದು ಮಸಾಲೆ ಪುಡಿ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ. ತಿಂಗಳಿಗೊಮ್ಮೆ ಕಂಪನಿಯವರು ಕೆಲಸದವರಿಗೆ ಒಂದು ಚೀಲ ಪುಡಿಗಳನ್ನು ಕೊಡುತ್ತಾರೆ. ಅದರಲ್ಲಿ ಒಂದು ಸಾಂಬಾರ್ ಪುಡಿ ಪ್ಯಾಕೆಟ್ ನನಗೆ ಮೀಸಲು. ನಮ್ಮ ಹಿತ್ತಿಲ ಕರಿಬೇವು ಅವರಿಗೆ ಮೀಸಲು. ಕೇಳಿ ಕಿತ್ತುಕೊಳ್ಳುವ ಪದ್ಧತಿ ಯಾವತ್ತೋ ನಿಂತುಹೋಗಿದೆ.

ಈಗ ಆ ಕಂಪನಿಯ ಮಾಲೀಕರ ವಿಷಯ. ಯಾವುದೋ ಸನ್ಮಾನ ಸಮಾರಂಭದಲ್ಲಿ ಶಾಲು ಹೊದ್ದು, ಮೈಕ್ ಹಿಡಿದು ಅಪ್ಪಣೆ ಕೊಡಿಸಿದರು: ‘ಹೆಣ್ಣುಮಕ್ಕಳು ಹೊಸ್ತಿಲು ದಾಟಿ ಕೆಲಸಕ್ಕೆ ಹೊರಟ ಮೇಲೇ ಸಂಸಾರಗಳು ಹಾಳಾದದ್ದು.’

ಅಲ್ಲ ಸ್ವಾಮಿ, ಹೆಣ್ಣುಮಕ್ಕಳೆಲ್ಲ ಮನೆಯಲ್ಲೇ ಕೂತು ಕೊತ್ತಂಬರಿ ಬೀಜ ಹುರಿದು ಕುಟ್ಟುತ್ತಿದ್ದರೆ ನಿಮ್ಮ ಪುಡಿ ಕೊಳ್ಳುವವರು ಯಾರು?

ವಿಡಿಯೋ ನಮ್ಮ ಓಣಿಯ ಲೇಡೀಸ್ ಗ್ರೂಪಿಗೆ ಬಂತು. ನಾನು ಹೈಸ್ಕೂಲ್ ಟೀಚರ್, ಇಪ್ಪತ್ತೆರಡು ವರ್ಷದಿಂದ ದಿನಾ ಹೊಸ್ತಿಲು ದಾಟುತ್ತಿರುವವಳು. ಮೈ ಉರಿದುಹೋಯಿತು. ‘ಇನ್ನು ಮೇಲೆ ಈ ಕಂಪನಿಗೆ ಬಹಿಷ್ಕಾರ’ ಎಂದು ಮೊದಲು ಟೈಪ್ ಮಾಡಿದವಳು ನಾನೇ. ಟಪಟಪನೆ ಹೆಬ್ಬೆಟ್ಟುಗಳು ಬಿದ್ದವು. ಹದಿನಾಲ್ಕು ಮನೆ, ಒಂದೇ ತೀರ್ಮಾನ. ಸಣ್ಣ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ?

ಮಾರನೇ ದಿನ ಸಂಜೆ ರತ್ನಕ್ಕ ಎಂದಿನಂತೆ ಪ್ಯಾಕೆಟ್ ಹಿಡಿದು ಬಾಗಿಲಿಗೆ ಬಂದರು. ಅವರು ಆ ಗ್ರೂಪಿನಲ್ಲಿಲ್ಲ. (ಯಾಕಿಲ್ಲ? ಸೇರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.) ಒಲೆಯ ಮೇಲೆ ಹಾಲಿತ್ತು, ನನಗೆ ಅವಸರ. ‘ಬ್ಯಾಡ ರತ್ನಕ್ಕ, ಓಣಿ ಹೆಂಗಸ್ರೆಲ್ಲ ಸೇರಿ ಬಹಿಷ್ಕಾರ ಹಾಕಿದೀವಿ’ ಎಂದು ಒಳಗೆ ಓಡಿದೆ. ಹಾಲು ಇಳಿಸಿ ಬರುವಷ್ಟರಲ್ಲಿ ಅವರಿರಲಿಲ್ಲ.

ಆಮೇಲೆ ಎರಡು ವಾರ ಕರಿಬೇವಿನ ಗಿಡವನ್ನು ಯಾರೂ ಮುಟ್ಟಲಿಲ್ಲ. ದಿನಾ ಅದನ್ನು ನೋಡುತ್ತಾ ‘ಈ ಸಲ ಒಳ್ಳೇ ಚಿಗುರು ಬಂದಿದೆ’ ಎಂದುಕೊಂಡ ಜಾಣೆ ನಾನು.

ಬಸ್ಸಿನ ವಿಷಯಕ್ಕೆ ಬರುತ್ತೇನೆ. ಸಹೋದ್ಯೋಗಿಯೊಬ್ಬರ ಗೃಹಪ್ರವೇಶ ಮುಗಿಸಿಕೊಂಡು ಹರಿಹರದಲ್ಲಿ ಬಸ್ ಹತ್ತಿದ್ದೆ. ‘ಕೂಡ್ರಿ ರತ್ನಕ್ಕ’ ಎಂದೆ.

‘ಇರ್ಲಿ ಬಿಡ್ರಿ ಟೀಚರ್ರೆ.’

ಮತ್ತೆ ಕರೆದೆ. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: ‘ತೆಗ್ದೀರೇನ್ರಿ ಬಹಿಷ್ಕಾರಾನ?’

‘ಯಾವ್ದು?’

‘ನಮ್ಗೆ ಹಾಕಿದ್ರಲ್ಲ.’

ಕೈ ಹಿಡಿದು ಕೂರಿಸಿಕೊಂಡೆ. ‘ನಿಮ್ಗಲ್ಲ ರತ್ನಕ್ಕ, ಪುಡಿಗೆ!’ ಎಂದು ವಿಡಿಯೋದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವರು ಆಮೇಲೆ ತಮ್ಮ ಕಥೆ ಹೇಳಿದರು.

ಅವರ ಅಕ್ಕನ ಗಂಡ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಊರ ಹಿರಿಯರು ಬೇಡವೆಂದರೂ ಅಪ್ಪ ಮಗಳಿಗೆ ಇನ್ನೊಂದು ಮದುವೆ ಮಾಡಿದರು. ಊರು ಇಡೀ ಮನೆಗೆ ಬಹಿಷ್ಕಾರ ಹಾಕಿತು.

‘ಅಂಗಡ್ಯಾಗೆ ಉಪ್ಪು ಕೊಡ್ಲಿಲ್ಲ. ಗಿರಣ್ಯಾಗೆ ಹಿಟ್ಟು ಬೀಸ್ಲಿಲ್ಲ. ಬಾವಿಗೆ ಬರಬ್ಯಾಡ್ರಿ ಅಂದ್ರು. ನಂಗಾಗ ಒಂಬತ್ತು ವರ್ಷ ಟೀಚರ್ರೆ. ನನ್ ಗೆಳತಿ ಎದುರಿಗೆ ಬಂದ್ರೆ ಮಖ ತಿರುವ್ಕೊಂಡು ಹೋಗ್ತಿದ್ಲು. ಕಡೀಗೆ ಊರೇ ಬಿಟ್ಟು ಬಂದ್ವಿ. ಆ ಮಾತು ಮತ್ತೆ ಕೇಳಿದ್ದು ನಿಮ್ಮ ಬಾಗಿಲಾಗೇ ನೋಡ್ರಿ.’

ನಾನು ಪಾಠ ಮಾಡುವುದು ಕನ್ನಡ. ಬಹಿಷ್ಕಾರ ಎಂದರೆ ಹೊರಗೆ ಹಾಕುವುದು ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ! ಅವತ್ತು ನನಗೆ ನಿಜಕ್ಕೂ ನಾಚಿಕೆಯಾಯಿತು.

ಹಾಗಾದರೆ ನಾವು ಮಾಡಿದ್ದು ತಪ್ಪೇ? ಇಲ್ಲ ಎಂದೇ ಈಗಲೂ ನನ್ನ ವಾದ. ಅಂಗಡಿಯವರು ಒಂದು ಮನೆಗೆ ಉಪ್ಪು ಕೊಡದಿರುವುದೂ, ಒಂದು ಮನೆಯವರು ಆ ಅಂಗಡಿಯ ಉಪ್ಪು ಬೇಡ ಎನ್ನುವುದೂ ಒಂದೇ ಅಲ್ಲ. ಮೊದಲನೆಯದರಲ್ಲಿ ಜನ ಊರು ಬಿಡುತ್ತಾರೆ. ಎರಡನೆಯದರಲ್ಲಿ ಹೆಚ್ಚೆಂದರೆ ಸಾರಿನ ರುಚಿ ಬದಲಾಗುತ್ತದೆ. ನನ್ನನ್ನು ಹೀಯಾಳಿಸುವವರ ಪುಡಿಯನ್ನೇ ತಿನ್ನಬೇಕೆಂಬ ಕಾನೂನೇನೂ ಇಲ್ಲವಲ್ಲ?

ಆದರೆ ಒಂದು ಪ್ರಶ್ನೆ ಬಿಡುತ್ತಿಲ್ಲ. ನಾನು ಕುಡಿಯುವ ಚಹಾ, ಹಚ್ಚುವ ಸೋಪು, ಈ ಅಂಕಣ ಟೈಪ್ ಮಾಡುತ್ತಿರುವ ಫೋನು, ಇವುಗಳ ಮಾಲೀಕರೆಲ್ಲ ಏನೇನು ಯೋಚಿಸುತ್ತಾರೋ ನನಗೇನು ಗೊತ್ತು? ಮೈಕ್ ಸಿಗದವರೆಲ್ಲ ಸಂತರೇ? ಅಷ್ಟು ದೂರ ಯಾಕೆ, ನಮ್ಮ ಮೂಲೆಯ ಕಿರಾಣಿ ಅಂಗಡಿಯವರನ್ನೇ ತೆಗೆದುಕೊಳ್ಳಿ. ‘ಹೆಣ್ಮಕ್ಳಿಗೆ ಸ್ಕೂಟಿ ಕೊಡ್ಸಿದ್ದೇ ತಪ್ಪಾತು ನೋಡ್ರಿ’ ಎಂದು ನನ್ನ ಸ್ಕೂಟಿಯ ಎದುರಿಗೇ ಹೇಳುತ್ತಾರೆ. ಆದರೂ ಅವರಲ್ಲೇ ಕೊಳ್ಳುತ್ತೇನೆ. ಭಾನುವಾರ ಬಾಗಿಲು ಬಡಿದರೂ ಸಕ್ಕರೆ ಕೊಡುವವರು ಅವರೊಬ್ಬರೇ! ಜೊತೆಗೆ ಅವರ ಹತ್ತಿರ ನಿಂತು ಜಗಳವಾಡಬಹುದು. ವಾರಕ್ಕೆರಡು ಸಲ ಆಡುತ್ತೇನೆ ಕೂಡ. ಕಂಪನಿಯ ಮಾಲೀಕರ ಜೊತೆ ಎಲ್ಲಿ ನಿಂತು ಜಗಳವಾಡುವುದು?

ಬಸ್ಸು ದಾವಣಗೆರೆ ಸೇರುವ ಮೊದಲು ರತ್ನಕ್ಕನನ್ನೇ ಕೇಳಿದೆ. ‘ನೀವೇ ಹೇಳ್ರಿ, ತಗೊಳ್ಳೋದೋ ಬಿಡೋದೋ?’

‘ನಿಮ್ ದುಡ್ಡು, ನಿಮ್ ಸಾರು. ಬ್ಯಾಡಂದ್ರೆ ಬಿಡ್ರಿ’ ಎಂದರು. ‘ಆ ಮಾತಿಗೆ ನಂಗೂ ಸಿಟ್ಟು ಬಂದೈತೆ. ಅಲ್ಲಿ ಹುರಿಯೋರು, ತೂಕ ಮಾಡೋರು, ಪ್ಯಾಕ್ ಮಾಡೋರು ಎಲ್ಲ ಹೆಂಗಸ್ರೇ. ನಾವು ಹೊಸ್ಲು ದಾಟ್ಲಿಲ್ಲ ಅಂದ್ರೆ ಅವ್ರ ಮಿಷಿನ್ ಹೆಂಗೆ ನಡೀತೈತೆ?’

ಆಮೇಲೆ ತಿರುಗಿ ಕೇಳಿದರು: ‘ಅಲ್ರಿ ಟೀಚರ್ರೆ, ನಮ್ಗೆ ಹಾಕ್ದಾಗ ಡಂಗುರ ಹೊಡೆಸಿದ್ರು. ಯಾರಿಗೆ, ಯಾಕ ಅಂತ ಊರಿಗೆಲ್ಲ ಗೊತ್ತಿತ್ತು. ನೀವು ಹಾಕಿದ್ದು ನಮ್ ಮಾಲಕ್ರಿಗೆ ಗೊತ್ತೈತೇನ್ರಿ?’

ಹದಿನಾಲ್ಕು ಮನೆಗಳ ಎರಡು ವಾರದ ಬಹಿಷ್ಕಾರ ಅವರಿಗೆಲ್ಲಿ ಗೊತ್ತಾಗಬೇಕು? ಅದು ತಟ್ಟಿದ್ದು ಒಬ್ಬರಿಗೆ ಮಾತ್ರ. ಅವರು ನನ್ನ ಪಕ್ಕದಲ್ಲಿ ಕೂತಿದ್ದರು.

ಮಾರನೇ ದಿನ ಹಳೇ ಪ್ಯಾಕೆಟ್ ಹುಡುಕಿ ಅದರ ಮೇಲಿದ್ದ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿದೆ. ಹೆಣ್ಣುಮಗಳೊಬ್ಬಳು ಎತ್ತಿದಳು.

‘ಕಂಪ್ಲೇಂಟ್ ರುಚಿ ಬಗ್ಗೆನಾ ಮೇಡಂ, ಪ್ಯಾಕಿಂಗ್ ಬಗ್ಗೆನಾ?’

‘ಮಾಲೀಕರು ಆಡಿದ ಮಾತಿನ ಬಗ್ಗೆ’ ಎಂದು ವಿವರಿಸಿದೆ. ಮೆತ್ತಗೆ ಹೇಳಿದಳು: ‘ನಮ್ಮ ಫಾರ್ಮಲ್ಲಿ ಅದಕ್ಕೆ ಕಾಲಂ ಇಲ್ಲ ಮೇಡಂ.’ (ಪಾಪ, ಅವಳೂ ಹೊಸ್ತಿಲು ದಾಟಿ ಬಂದವಳೇ ತಾನೆ?)

ಸಂಜೆ ಹಿತ್ತಿಲಲ್ಲಿ ಸದ್ದಾಯಿತು. ರತ್ನಕ್ಕ ಕರಿಬೇವು ಮುರಿಯುತ್ತಿದ್ದರು, ಎರಡು ವಾರದ ಬಾಕಿ ತೀರಿಸುವವರಂತೆ. ‘ಪುಡಿ ತಂದಿಲ್ಲ ನೋಡ್ರಿ’ ಎಂದು ನಕ್ಕರು. ಗ್ರೂಪಿಗೆ ಸೇರಿಸಲೇ ಎಂದರೆ ‘ಬ್ಯಾಡ್ರಿ, ಬರೀ ಗುಡ್ ಮಾರ್ನಿಂಗ್ ಹಾಕ್ತಾರಂತೆ’ ಎಂದರು. ಫೋನಿನ ಕಥೆ ಕೇಳಿ ಮಾತ್ರ ನಗಲಿಲ್ಲ. ‘ಹಂಗಾದ್ರೆ ಪೇಪರ್‌ನಾಗೆ ಬರೀರಿ. ಕಂಪ್ನಿ ಹೆಸ್ರು ಬ್ಯಾಡ, ನಮ್ ಕೆಲ್ಸಕ್ಕೆ ಕುತ್ತು. ಓದಿದ್ರೆ ಅವ್ರಿಗೇ ತಿಳೀತೈತೆ.’

ಬರೆದಿದ್ದೇನೆ. ಅವರಲ್ಲಿ ಕಾಲಂ ಇಲ್ಲದಿದ್ದರೇನಂತೆ, ಡಂಗುರ ಹೊಡೆಯಲು ನನಗೆ ವಾರಕ್ಕೊಂದು ಇದೆಯಲ್ಲ?