ಸಾಣಾಪುರದಿಂದ ವಾಪಸಾದ ಚೀಲ

ಸತ್ತದ್ದು ಒಂದು ನಾಯಿ ಮತ್ತು ಕಣ್ಣು ತೆರೆಯದ ಅದರ ಮರಿಗಳು. ಕೊಂದವಳೆಂಬ ಹೆಸರು ಬಂದದ್ದು ನನ್ನ ಅಕ್ಕನಿಗೆ. ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಅರೆದು ನಾಯಿಯ ಆಹಾರವೆಂದು ಮಾರಿದ ಕಂಪನಿಗೆ ಏನೂ ಆಗಲಿಲ್ಲ. ಅದು ವಿಷವೆಂದು ತಿಳಿದ ಮೇಲೂ ಚೀಲ ಬದಲಿಸಿ ಸಾಗಿಸಿದ ಗಂಗಾವತಿಯ ವಿತರಕನಿಗೂ ಏನೂ ಆಗಲಿಲ್ಲ. ಇಬ್ಬರೂ ಇಂದಿಗೂ ವ್ಯಾಪಾರ ನಡೆಸುತ್ತಿದ್ದಾರೆ. ಅಕ್ಕನನ್ನು ಮಾತ್ರ ಈಗ ಯಾರೂ ಬಾಣಂತಿಯ ಮನೆಗೆ ಕರೆಯುವುದಿಲ್ಲ.

ಅಕ್ಕ ಕುಕನೂರಿನ ಸಮೀಪದ ಹಳ್ಳಿಯೊಂದರಲ್ಲಿ ಕುರಿ ಸಾಕುತ್ತಾಳೆ. ನಾನು ಧಾರವಾಡದಲ್ಲಿ ಕಾನೂನು ಓದಿ, ಪಡಿತರದ ಅಕ್ಕಿ, ಅಂಗನವಾಡಿಯ ಹಿಟ್ಟು ಇವುಗಳ ಗುಣಮಟ್ಟಕ್ಕಾಗಿ ಹೋರಾಡುವ ಕೊಪ್ಪಳದ ಸಣ್ಣ ಗುಂಪೊಂದರಲ್ಲಿ ಕೆಲಸ ಮಾಡುತ್ತೇನೆ. ಊರಿನಲ್ಲಿ ನನ್ನ ಓದಿಗಿಂತ ಅಕ್ಕನ ಕೈಗೆ ಹೆಚ್ಚು ಬೆಲೆಯಿತ್ತು. ಓಣಿಯಲ್ಲಿ ಯಾವ ಹೆಣ್ಣು ಹಡೆದರೂ ಮೊದಲು ಕರೆ ಬರುತ್ತಿದ್ದುದು ಅವಳಿಗೆ. ಅಂಟಿನುಂಡಿ ಕಟ್ಟುವುದು, ಅಳ್ವಿ ಪಾಯಸ ಕಾಯಿಸುವುದು, ಸೋತ ಬಾಣಂತಿಯ ಬೆನ್ನು ಸವರಿ ತುತ್ತು ಒಳಗೆ ಹೋಗುವಂತೆ ಮಾಡುವುದು, ಇದೆಲ್ಲ ಅವಳ ಪಾಲಿನ ಕೆಲಸ. ಗಂಡ ತೀರಿಕೊಂಡ ಮೇಲೆ ಅವಳನ್ನು ಯಾವ ಮಂಗಳಕಾರ್ಯಕ್ಕೂ ಮುಂದೆ ಬಿಡದ ಊರು, ಬಾಣಂತನಕ್ಕೆ ಮಾತ್ರ ಅವಳನ್ನು ಬಿಟ್ಟು ಬೇರೆಯವರನ್ನು ಕರೆಯುತ್ತಿರಲಿಲ್ಲ. ಅವಳಿಗೆ ಊರಿನಲ್ಲಿ ಉಳಿದಿದ್ದ ಮರ್ಯಾದೆ ಅದೊಂದೇ.

ನಮ್ಮ ಕಡೆ ನಾಯಿಗೂ ಬಾಣಂತನ ಮಾಡುತ್ತಾರೆ. ನಾಯಿ ಮರಿ ಹಾಕಿತೆಂದರೆ ಹೆಂಗಸರು ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ನಾಯಿ ಬಾಣಂತಿಗೆ ನೀಡ್ರಿ ಎಂದು ಕೇಳುತ್ತಾರೆ. ಒಬ್ಬರು ಜೋಳದ ಹಿಟ್ಟು, ಒಬ್ಬರು ಬೆಲ್ಲದ ತುಂಡು, ಒಬ್ಬರು ಶೇಂಗಾ ಎಣ್ಣೆ ನೀಡುತ್ತಾರೆ. ಅದನ್ನೆಲ್ಲ ಕೂಡಿಸಿ ಕುದಿಸಿ ತಾಯಿನಾಯಿಗೆ ಉಣಿಸುತ್ತಾರೆ. ಓಣಿ ಕೂಡಿಸಿ ಕೊಟ್ಟದ್ದು ಮಿಗಬಾರದು, ಮಿಕ್ಕರೆ ಮರಿಗಳಿಗೆ ಕೇಡು ಎಂಬ ನಂಬಿಕೆಯಿದೆ. ಅಕ್ಕನ ಕುರಿ ಕಾಯುತ್ತಿದ್ದ ಕೆಂದು ಬಣ್ಣದ ನಾಯಿ ಕಳೆದ ಚಳಿಗಾಲದಲ್ಲಿ ಹಟ್ಟಿಯ ಮೂಲೆಯಲ್ಲಿ ಮರಿ ಹಾಕಿದಾಗಲೂ ಬುಟ್ಟಿ ಓಣಿ ಸುತ್ತಿತು. ಅಕ್ಕ ಕುಕನೂರಿಗೆ ಸಂತೆಗೆ ಹೋದವಳು ದನದ ಹಿಂಡಿ ಮಾರುವ ಅಂಗಡಿಯಲ್ಲೂ ಕೇಳಿದಳು. ಅಂಗಡಿಯವನು ಚೀಲ ಬಿಚ್ಚಿ ನಾಯಿ ಆಹಾರದ ಕಂದು ಬಣ್ಣದ ಗುಳಿಗೆಗಳನ್ನು ಪ್ಲಾಸ್ಟಿಕ್ ಕವರೊಂದಕ್ಕೆ ತುಂಬಿ ತುಂಬಿ ಕೊಟ್ಟ. ಕಂಪನಿ ಮಾಲು, ಹಾಲು ಭಾಳ ಬರುತ್ತವೆ ಎಂದ. ಪಟ್ಟಣದ ದೊಡ್ಡವರ ನಾಯಿ ತಿನ್ನುವಂಥದ್ದು ತನ್ನ ನಾಯಿಗೂ ಸಿಕ್ಕಿತೆಂದು ಅಕ್ಕ ಅದನ್ನು ಓಣಿಯವರಿಗೆಲ್ಲ ತೋರಿಸಿದಳು. ನನಗೂ ಫೋನು ಮಾಡಿ ಹೇಳಿದಳು.

ನಾಯಿ ಮೊದಲು ತಿಂದಿತು. ಆಮೇಲೆ ಮೂಸಿ ಹಿಂದೆ ಸರಿಯಿತು. ಬಾಣಂತಿ ಊಟ ಬಿಟ್ಟರೆ ದೃಷ್ಟಿ ತಗುಲಿದೆ ಎಂದು ತಿಳಿಯುವವಳು ಅಕ್ಕ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಗುಳಿಗೆಗಳನ್ನು ಒರಳಲ್ಲಿ ಕುಟ್ಟಿ, ಕಹಿ ತಿಳಿಯದಿರಲೆಂದು ಬೆಲ್ಲ, ಎಣ್ಣೆ ಬೆರೆಸಿ ಉಂಡೆ ಕಟ್ಟಿದಳು. ನಾಯಿ ಬಾಯಿ ಬಿಗಿ ಹಿಡಿದಾಗ ದವಡೆಗೆ ಬೆರಳು ಹಾಕಿ ಬಿಡಿಸಿ, ನಾಲಗೆಯ ಹಿಂದಕ್ಕೆ ಉಂಡೆ ಇಟ್ಟು, ಗಂಟಲು ನೀವಿದಳು. ಹೊಸಬರು ಹಟ್ಟಿಯ ಹತ್ತಿರ ಸುಳಿದರೆ ಹರಿದುಹಾಕಲು ಬರುತ್ತಿದ್ದ ನಾಯಿ ಅದು. ಅಕ್ಕನ ಬೆರಳಿಗೆ ಹಲ್ಲು ತಾಗಿಸಲಿಲ್ಲ. ನುಂಗಿತು. ವಾಂತಿ ಮಾಡಿತು. ಅಕ್ಕ ಮತ್ತೆ ಉಂಡೆ ಕಟ್ಟಿದಳು. ಅತ್ತ ಮರಿಗಳು ಬತ್ತುತ್ತಿದ್ದ ಮೊಲೆಯನ್ನು ಚೀಪುತ್ತಿದ್ದವು.

ನಾನು ಊರಿಗೆ ಹೋದಾಗ ನಾಯಿಯ ಕಣ್ಣಿನ ಬಿಳಿಭಾಗ ಅರಿಸಿನ ಬಳಿದಂತಿತ್ತು. ಒಸಡೂ ಹಾಗೆಯೇ ಇತ್ತು. ಹಿಂದಿನ ಭಾಗದಿಂದ ಕಪ್ಪು ರಕ್ತ ಸೋರುತ್ತಿತ್ತು. ಎರಡು ಮರಿಗಳು ಆಗಲೇ ಸೆಟೆದುಕೊಂಡಿದ್ದವು. ತಾಯಿ ಅವನ್ನು ನೆಕ್ಕುತ್ತಲೇ ಇತ್ತು. ಟಂಟಂ ಗಾಡಿ ಮಾಡಿ ಕೊಪ್ಪಳದ ಪಶು ಆಸ್ಪತ್ರೆಗೆ ಒಯ್ದೆವು. ವೈದ್ಯರು ಏನು ಹಾಕಿದ್ದೀರಿ ಎಂದು ಕೇಳಿದಾಗ ಅಕ್ಕ ಸೆರಗು ಸರಿಪಡಿಸಿಕೊಂಡು, ಒಳ್ಳೆಯದನ್ನೇ ಮಾಡಿದ್ದೇನೆ ಎಂಬ ಧೈರ್ಯದಿಂದ ಹೇಳಿದಳು.

“ಕಂಪನಿ ಮಾಲ್ರಿ ಸಾಹೇಬ್ರ. ಒಲ್ಲೆ ಅಂದ್ರೂ ಬಿಟ್ಟಿಲ್ರಿ, ನನ್ನ ಕೈಯಾರ ಉಣಿಸೀನಿ.”

ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಮೊಬೈಲು ತೋರಿಸಿದರು. ಕಂಪನಿ ವಿತರಕರಿಗೂ ಪಶುವೈದ್ಯರಿಗೂ ಕಳುಹಿಸಿದ ಸಂದೇಶ, ಇಂಗ್ಲಿಷಿನಲ್ಲಿ. ಇಂಥ ಬ್ಯಾಚಿನ ನಾಯಿ ಆಹಾರದಲ್ಲಿ ಬೂಷ್ಟಿನ ವಿಷ ಕಂಡುಬಂದಿದೆ, ಮಾರಾಟ ನಿಲ್ಲಿಸಿ ಚೀಲಗಳನ್ನು ಹಿಂದಿರುಗಿಸಬೇಕು ಎಂದಿತ್ತು. ಆ ವಿಷ ಯಕೃತ್ತನ್ನು ಕೊಳೆಸುತ್ತದೆ, ಇನ್ನು ಮಾಡುವುದೇನೂ ಉಳಿದಿಲ್ಲ ಎಂದರು. ಅಕ್ಕ ನಾಯಿಗೆ ಊಟ ಹಾಕುವ ಮೊದಲೇ ಆ ಸಂದೇಶ ಅವರಿಗೆ ತಲುಪಿತ್ತು. ಯಾರಿಗಾದರೂ ತಿಳಿಸಿದಿರಾ ಎಂದು ಕೇಳಿದೆ.

“ಓದಿ ಬಿಟ್ಟೆ ಮೇಡಂ,” ಎಂದರು. “ಇದು ಪ್ಯಾಟಿ ನಾಯಿ ತಿನ್ನೋದು. ಹಳ್ಳಿಗೆ ಎಲ್ಲಿ ಹೋಗ್ತೈತಿ ಅಂದ್ಕೊಂಡೆ.”

ಇದನ್ನು ನಾನು ಮರೆವು ಎಂದು ಕರೆಯಲಾರೆ. ಎಚ್ಚರಿಕೆಯನ್ನು ಪಡೆಯಲು ಅರ್ಹರು ಯಾರು ಎಂದು ಮೊದಲೇ ತೀರ್ಮಾನಿಸಿಟ್ಟುಕೊಂಡ ಮನಸ್ಸಿನ ಕೆಲಸ ಇದು. ಕಂಪನಿ ತನ್ನ ಗ್ರಾಹಕರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯಿತು, ವೈದ್ಯರು ತಮ್ಮ ಪಟ್ಟಣದ ರೋಗಿಗಳನ್ನು ನೆನೆದು ಓದಿದರು. ಇಬ್ಬರ ಕಣ್ಣಿಗೂ ಕುಕನೂರಿನ ಸಂತೆ ಬೀಳಲಿಲ್ಲ.

ಹಿಂದಿರುಗುವ ದಾರಿಯಲ್ಲಿ ನಾಯಿ ಅಕ್ಕನ ತೊಡೆಯ ಮೇಲೆ ಸತ್ತಿತು. ಸಾಯುವ ಮುನ್ನ ಅವಳ ಬೆರಳು ನೆಕ್ಕಿತು. ಬೆಲ್ಲದ ಜಿಗುಟು ಇನ್ನೂ ಅಲ್ಲಿತ್ತೋ ಏನೋ. ಹಟ್ಟಿಗೆ ಬಂದಾಗ ಉಳಿದ ಮರಿಗಳಲ್ಲಿ ಒಂದು ಮಾತ್ರ ಮಿಸುಕುತ್ತಿತ್ತು. ಆಡಿನ ಹಾಲಲ್ಲಿ ಬತ್ತಿ ಅದ್ದಿ ಅದರ ಬಾಯಿಗೆ ಇಟ್ಟೆ. ಅದೂ ಬೆಳಗಾಗುವಷ್ಟರಲ್ಲಿ ತಣ್ಣಗಾಯಿತು.

ಕುಕನೂರಿನ ಅಂಗಡಿಯವನು ಅಡಗಿಸಲು ನೋಡಲಿಲ್ಲ. ಬಿಳಿಯ ಚೀಲ ಎಳೆದು ತೋರಿಸಿದ. ಅದರ ಮೇಲೆ ಕಂಪನಿಯ ಹೆಸರಿಲ್ಲ, ತಾರೀಖಿಲ್ಲ, ಒಂದು ಅಕ್ಷರವಿಲ್ಲ. ಗಂಗಾವತಿಯಿಂದ ಹೀಗೆಯೇ ಬಂತು ಎಂದ. ಒಳಗೆ ಕೈ ಹಾಕಿದೆ. ನೆಲಮಾಳಿಗೆಯ ಮುಗ್ಗಲು ವಾಸನೆ ಬಂತು. ವಾಸನೆಯ ಕಾರಣಕ್ಕೆ ಅದು ಮಾರಾಟವಾಗಲಿಲ್ಲ, ಆದ್ದರಿಂದಲೇ ಅಕ್ಕನಿಗೆ ಧರ್ಮಕ್ಕೆ ಕೊಟ್ಟೆ ಎಂದು ಅವನು ನಾಚಿಕೆಯಿಲ್ಲದೆ ಒಪ್ಪಿಕೊಂಡ. ಕೊಳ್ಳುವವರು ಮೂಗು ಮುಚ್ಚಿಕೊಂಡದ್ದನ್ನು ಬೇಡಲು ಬಂದವಳ ಬುಟ್ಟಿಗೆ ಸುರಿದು, ಅದಕ್ಕೆ ಧರ್ಮವೆಂದು ಹೆಸರಿಟ್ಟಿದ್ದ.

ಗಂಗಾವತಿಯ ವಿತರಕನ ಗೋದಾಮು ಭತ್ತದ ಗಿರಣಿಗಳ ಸಾಲಿನಲ್ಲಿದೆ. ಆತ ನನ್ನನ್ನು ಕೂರಿಸಿ ಚಹಾ ತರಿಸಿದ. ನಾನು ಬಂದ ಕಾರಣ ಹೇಳಿದೆ. ಆತ ತನ್ನ ಗುಮಾಸ್ತನ ಕಡೆ ನೋಡಿ ನಕ್ಕ.

“ನಾಯಿ ಬಾಣಂತಿಗೆ ತೊಟ್ಟಿಲಾನೂ ಕಟ್ಟಿದ್ರೇನ್ರಿ ಮೇಡಂ?”

ಕಂಪನಿಯ ಸಂದೇಶ ಬಂದಿತ್ತೇ ಎಂದು ಕೇಳಿದೆ. ಬಂದಿತ್ತು ಎಂದ. ತನ್ನ ಕಡೆ ತಪ್ಪಿಲ್ಲವೆಂದು ತೋರಿಸುವ ಹುರುಪಿನಲ್ಲಿ ಉಳಿದದ್ದನ್ನೂ ತಾನೇ ಹೇಳಿದ. ಸಾಣಾಪುರದ ಕೆರೆಯ ಕಡೆ ಒಂದು ರೆಸಾರ್ಟಿದೆ. ಅಲ್ಲಿಯ ಮಾಲೀಕರು ದೊಡ್ಡ ತಳಿಯ ನಾಯಿಗಳನ್ನು ಸಾಕಿದ್ದಾರೆ, ಉದ್ದ ಕೂದಲಿನ ಬೆಕ್ಕುಗಳೂ ಇವೆ. ಸಂದೇಶ ಬಂದ ದಿನವೇ ವಿತರಕನ ಕಡೆಯವರು ಅವರಿಗೆ ಫೋನು ಮಾಡಿ, ಗಾಡಿ ಕಳಿಸಿ, ಹಳೆಯ ಚೀಲ ತೆಗೆದುಕೊಂಡು ಹೊಸದನ್ನು ಇಳಿಸಿ, ಕ್ಷಮೆ ಕೇಳಿ ಬಂದಿದ್ದರು. ಬೆಕ್ಕಿನ ಆಹಾರದಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ದೊಡ್ಡವರ ಮನಸ್ಸಿಗೆ ಸಮಾಧಾನವಾಗಲೆಂದು ಅದನ್ನೂ ಬದಲಿಸಿ ಕೊಟ್ಟಿದ್ದರು. ಹಾಗಾದರೆ ವಾಪಸು ತಂದ ಆ ಚೀಲ ಎಲ್ಲಿ ಹೋಯಿತು ಎಂದು ಕೇಳಿದೆ.

“ಕಾಲುವಿಗೆ ಚೆಲ್ಲಬೇಕಿತ್ತೇನ್ರಿ? ಅನ್ನ ಐತ್ರಿ ಅದು. ಅನ್ನ ಚೆಲ್ಲಿ ಪಾಪ ಕಟ್ಟಿಕೊಳ್ಳೋ ಮಂದಿ ಅಲ್ರಿ ನಾವು. ಬ್ಯಾರೆ ಚೀಲಕ್ಕ ಹಾಕಿ ಕುಕನೂರು, ಯಲಬುರ್ಗಾ, ಕುಷ್ಟಗಿ ಕಡೆ ಬಿಡಿ ಮಾರಾಕ ಕಳಿಸಿದ್ವಿ. ಆ ಕಡೆ ನಾಯಿ ಸತ್ತದ್ದನ್ನ ಸುದಾ ತಿಂದು ಅರಗಿಸ್ಕೊಳ್ತಾವ್ರಿ.”

ಅನ್ನ ಚೆಲ್ಲುವುದು ಪಾಪವೆಂದು ನನ್ನ ತಾಯಿಯೂ ಹೇಳುತ್ತಿದ್ದಳು. ಅವಳು ಒಣಗಿದ ರೊಟ್ಟಿಯನ್ನು ಮುರಿದು ನೆನೆಸಿ ಮೊದಲು ತಾನು ತಿನ್ನುತ್ತಿದ್ದಳು. ಈತ ಅದೇ ಮಾತನ್ನು ಹಿಡಿದು ಬೇರೆಯವರ ಬಾಯಿಗೆ ವಿಷ ಕಳಿಸಿದ್ದ. ಹೊರಬರುವಾಗ ಗೋದಾಮಿನ ಬಾಗಿಲಲ್ಲಿ ಆತನದೇ ನಾಯಿ ತಟ್ಟೆಯಲ್ಲಿ ಕೋಳಿ ಬೆರೆಸಿದ ಬಿಸಿ ಅನ್ನ ತಿನ್ನುತ್ತಿತ್ತು.

ನಾನು ದೂರು ಕೊಟ್ಟೆ. ಆಹಾರ ಸುರಕ್ಷತೆಯ ಕಚೇರಿಯಲ್ಲಿ, ಮನುಷ್ಯರು ತಿನ್ನುವುದು ಮಾತ್ರ ನಮಗೆ ಬರುತ್ತದೆ ಎಂದರು. ಪಶು ಇಲಾಖೆಯಲ್ಲಿ, ಚಿಕಿತ್ಸೆ ನಮ್ಮದು, ಅಂಗಡಿ ನಮ್ಮದಲ್ಲ ಎಂದರು. ಪೊಲೀಸ್ ಠಾಣೆಯಲ್ಲಿ ನಾಯಿಯ ಹೆಸರಿನಲ್ಲಿ ಕಂಪ್ಲೇಂಟು ಬರೆಯಬೇಕೋ, ಅಕ್ಕನ ಹೆಸರಿನಲ್ಲೋ ಎಂದು ಕೇಳಿ ನಕ್ಕರು. ಮಾದರಿಯನ್ನು ಪರೀಕ್ಷೆಗೆ ಕಳಿಸಲು ಮೇಲಿನ ಆದೇಶ ಬೇಕು ಎಂದು ಅದೇ ವೈದ್ಯರು ಹೇಳಿದರು. ಆದೇಶ ಈವರೆಗೆ ಬಂದಿಲ್ಲ. ಕುಕನೂರಿನ ಅಂಗಡಿಯಿಂದ ನಾನು ತಂದ ಹಿಡಿ ಗುಳಿಗೆ ನನ್ನ ಮನೆಯ ಡಬ್ಬಿಯಲ್ಲಿ ಹಸಿರು ಬಣ್ಣಕ್ಕೆ ತಿರುಗಿದೆ.

ಇಷ್ಟರಲ್ಲಿ ಅಕ್ಕನ ಎದುರುಮನೆಯ ಮಗಳು ತವರಿಗೆ ಬಂದು ಹಡೆದಳು. ಆ ಹುಡುಗಿಯ ತಾಯಿಗೆ ಹಿಂದೆ ಬಾಣಂತನ ಮಾಡಿದವಳೂ ಅಕ್ಕನೇ. ಅಕ್ಕ ಒಣಕೊಬ್ಬರಿ ಹೆರೆದು, ಅಂಟು ಹುರಿದು, ಸೆರಗಿನಲ್ಲಿ ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕೂತಳು. ಅವಳ ಕಣ್ಣೆದುರೇ ಅವರು ಬೇರೆ ಓಣಿಯ ಹೆಂಗಸನ್ನು ಕರೆತಂದರು. ನಾನು ಹೋಗಿ ಕೇಳಿದೆ. ಎದುರುಮನೆಯವಳು ನನ್ನ ಮುಖ ನೋಡದೆ ಮೊರದಲ್ಲಿನ ಜೋಳ ಕೇರುತ್ತಲೇ ಉತ್ತರ ಕೊಟ್ಟಳು.

“ಆಕಿ ಕೈ ಮೊದಲಿನಂಗಿಲ್ಲವ್ವ. ನಾಯಿ ಸುದಾ ಉಳೀಲಿಲ್ಲ. ನಮ್ಮದು ಹಸುಗೂಸು ಐತಿ.”

ವೈದ್ಯರ ಮೊಬೈಲಿನಿಂದ ತೆಗೆದುಕೊಂಡಿದ್ದ ಸಂದೇಶದ ಚಿತ್ರ ತೋರಿಸಿದೆ. ಬೂಷ್ಟು, ಚೀಲ, ವಿತರಕ ಎಲ್ಲವನ್ನೂ ವಿವರಿಸಿದೆ. ಹೆಂಗಸರು ಮರ್ಯಾದೆಯಿಂದ ಕೇಳಿಸಿಕೊಂಡರು. ಓದಿದವಳು ಅಕ್ಕನನ್ನು ಉಳಿಸಿಕೊಳ್ಳಲು ಏನಾದರೂ ಹೇಳಲೇಬೇಕಲ್ಲ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ನನಗೆ ಕೇಳಿಸಲೆಂದೇ ಹೇಳಿದ್ದು. ಒಳಗೆ ಬಂದರೆ ಅಕ್ಕ ಹುರಿದ ಅಂಟನ್ನು ಕುರಿಗಳ ಮುಂದೆ ಸುರಿಯುತ್ತಿದ್ದಳು. ಅದು ನಿನ್ನ ತಪ್ಪಲ್ಲ ಎಂದು ಅಷ್ಟೂ ದಿನ ಹೇಳಿದ್ದನ್ನೇ ಮತ್ತೆ ಹೇಳಿದೆ. ಅವಳು ತಿರುಗಿ ನೋಡಲಿಲ್ಲ.

“ಬ್ಯಾಡ ಅಂತಿತ್ತು ತಂಗಿ ಅದು. ಬಾಯಿ ಗಟ್ಟ್ಯಾಗಿ ಮುಚ್ಚಿಕೊಂಡಿತ್ತು. ನಾನ ತಗಸಿ ಇಟ್ಟೆ.”

ಅವಳು ಹೇಳಿದ್ದು ನಿಜ, ಬಾಯಿ ಬಿಡಿಸಿದ್ದು ಅವಳೇ. ಆ ಉಂಡೆಯೊಳಗೆ ಏನಿದೆ ಎಂದು ತಿಳಿದವರು ಮಾತ್ರ ತಮ್ಮ ಬಾಯಿ ಬಿಡಲಿಲ್ಲ. ಅಪರಾಧ ಅವರದು, ಶಿಕ್ಷೆ ಅವಳದು. ನಾನು ಎಷ್ಟು ಸಾರಿ ಹೇಳಿದರೂ ಅವಳೂ ಓಣಿಯೂ ನಂಬುವುದಿಲ್ಲ. ಒಡಹುಟ್ಟಿದವಳ ಮಾತು ಸಾಕ್ಷಿಯಾಗುವುದಿಲ್ಲ. ತಪ್ಪು ಮಾಡಿದವನ ಬಾಯಿಂದಲೇ ಅದು ಬರಬೇಕು.

ಆದ್ದರಿಂದ ಕಂಪನಿಯವರೇ, ನೀವು ಹಿಂದಕ್ಕೆ ಕರೆದ ಪ್ರತಿಯೊಂದು ಚೀಲವೂ ಎಲ್ಲಿ ಹೋಯಿತೆಂದು ಕನ್ನಡದಲ್ಲಿ ಪ್ರಕಟಿಸಿ. ಉಳಿದವನ್ನು ಕುಕನೂರು, ಯಲಬುರ್ಗಾ, ಕುಷ್ಟಗಿಯ ಅಂಗಡಿಗಳಿಂದ ನೀವೇ ಎತ್ತಿ, ಜನರೆದುರು ಸೀಳಿ, ಸುಣ್ಣ ಬೆರೆಸಿ ಹೂಳಿಸಿ. ಜಿಲ್ಲಾಡಳಿತದವರೇ, ಹೆಸರು, ತಾರೀಖು ಇಲ್ಲದ ಚೀಲದಿಂದ ನಾಯಿ ಬೆಕ್ಕುಗಳ ಆಹಾರವನ್ನು ಬಿಡಿಯಾಗಿ ಮಾರುವುದನ್ನು ನಿಷೇಧಿಸಿ, ಅದಕ್ಕೆ ಉತ್ತರ ಹೇಳಬೇಕಾದ ಅಧಿಕಾರಿ ಯಾರೆಂದು ಗೊತ್ತುಪಡಿಸಿ. ಗಂಗಾವತಿಯ ವಿತರಕರೇ, ಸಾಣಾಪುರಕ್ಕೆ ಗಾಡಿ ಕಳಿಸಿ ಕ್ಷಮೆ ಕೇಳಿದವರು ನೀವು. ಅದೇ ಗಾಡಿಗೆ ಮೈಕು ಕಟ್ಟಿಕೊಂಡು ಮುಂದಿನ ಸಂತೆಯ ದಿನ ಕುಕನೂರಿಗೆ ಬನ್ನಿ, ವಿಷವೆಂದು ಗೊತ್ತಿದ್ದೂ ಕಳಿಸಿದೆವು ಎಂದು ಸಂತೆ ಕೇಳುವಂತೆ ಹೇಳಿ. ಅಲ್ಲಿಂದ ನನ್ನ ಅಕ್ಕನ ಓಣಿಗೆ ನಡೆದು ಬನ್ನಿ. ಆ ಹೆಂಗಸರೆಲ್ಲ ನಿಂತು ನೋಡುತ್ತಿರುವಾಗ, ಅವಳ ಕಟ್ಟೆಯ ಕೆಳಗೆ ನಿಂತು, ಕೊಂದದ್ದು ಅವಳ ಕೈಯಲ್ಲ, ನಿಮ್ಮ ಚೀಲ ಎಂದು ನಿಮ್ಮ ಬಾಯಿಂದಲೇ ಹೇಳಿ.